ತೆಗೆದಿಡು, ತೆಗೆದುಬಿಡು

ಫೆಬ್ರವರಿ ೩, ಸೋಮವಾರ

ಸೊನ್ನೆಯನೆಯದು! ಇಂಥದೊಂದು ಪದ ಎಲ್ಲಾದರೂ ಇದೆಯೇ? ಇವತ್ತು ಮಧ್ಯಾಹ್ನವೆಲ್ಲ ಅದರ ಮೇಲೇ ಜಗಳ. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತವನನ್ನು ನಾವು ಮೊದಲನೆಯವನು ಎಂದು ಕರೆಯುತ್ತೇವೆ. ನಮ್ಮ ಮುಖ್ಯ ಎಂಜಿನಿಯರ್ ಪ್ರಕಾರ ಅವನು ಸೊನ್ನೆಯನೆಯವನು. ಅವನ ಬೆನ್ನಿಗೆ ನಿಂತವನು ಒಂದನೆಯವನು. "ಕಂಪ್ಯೂಟರು ಸೊನ್ನೆಯಿಂದ ಎಣಿಸುತ್ತೆ ಮೇಡಂ. ನಿಮಗಿಷ್ಟ ಇಲ್ಲ ಅಂದ್ರೆ ಅದೇನ್ಮಾಡ್ಬೇಕು ಪಾಪ?" ಎಂದು ನಕ್ಕರು. ಆಫೀಸಿನಲ್ಲಿ ಎಲ್ಲರೂ ಬೆನ್ನ ಹಿಂದೆ ಅವರನ್ನು ಸೊನ್ನೆ ಸಾಹೇಬರು ಅನ್ನುತ್ತಾರೆ. ಹೆಸರಿಟ್ಟವಳು ನಾನೇ, ಅದೊಂದು ಸಮಾಧಾನ.

ಶಾಲಾ ಮಕ್ಕಳು ತಮ್ಮ ಮಾತಿನಲ್ಲೇ ಆಜ್ಞೆ ಕೊಡಬಹುದಾದ ಪ್ರೋಗ್ರಾಮಿಂಗ್ ಭಾಷೆಯೊಂದನ್ನು ನಮ್ಮ ಕಂಪನಿ ಮಾಡಿದೆ. ಮಾಡಿದವರು ಅವರು, ಅದರ ಕೈಪಿಡಿ ಬರೆದು ಬಯ್ಯಿಸಿಕೊಳ್ಳುವವಳು ನಾನು. ಈ ತಿಂಗಳ ಕೊನೆಯೊಳಗೆ ಪಟ್ಟಿಗಳ ಅಧ್ಯಾಯ ಮುಗಿಯಬೇಕು. ಪಟ್ಟಿಗೆ ಸೇರಿಸುವುದು, ನಡುವೆ ತೂರಿಸುವುದು, ತೆಗೆಯುವುದು, ಹಿಂದುಮುಂದು ಮಾಡುವುದು. ಪ್ರತಿಯೊಂದಕ್ಕೂ ಮೂರು ಪ್ರಶ್ನೆ: ಏನು ಕೊಡಬೇಕು, ಏನು ಮಾಡುತ್ತದೆ, ವಾಪಸ್ ಏನು ಕೊಡುತ್ತದೆ. ಮೂರನೆಯದನ್ನು ಕೇಳಿದರೆ ಸಾಹೇಬರಿಗೆ ಮೈಯೆಲ್ಲ ಉರಿಯುತ್ತದೆ.

ಮನೆಯ ಹಿಂಬಾಗಿಲ ಓಣಿಯಲ್ಲಿ ಮತ್ತೆ ಚರಂಡಿ ಉಕ್ಕಿದೆ. ಹೊಸ ಚಪ್ಪಲಿ ಹಾಳಾಯಿತು. ಆ ಬಾಗಿಲಿನ ಚಿಲಕವೂ ಸರಿಯಿಲ್ಲ, ಭುಜ ಕೊಟ್ಟು ನೂಕಬೇಕು. ಈ ಮನೆಯಲ್ಲಿ ಇನ್ನೊಬ್ಬ ಮಹಾರಾಯ ಇದ್ದಾನೆ, ದಿನವಿಡೀ ಊರವರ ಲಿಫ್ಟು ರಿಪೇರಿ ಮಾಡುತ್ತಾನೆ, ಮನೆಯ ಚಿಲಕ ಕಣ್ಣಿಗೆ ಬೀಳುವುದಿಲ್ಲ. ತಮ್ಮ ಎಂದು ಬರೆಯಲು ಕೈ ಬರುತ್ತಿಲ್ಲ.

ಫೆಬ್ರವರಿ ೫, ಬುಧವಾರ

ಬರೆದಿಡುತ್ತೇನೆ. ಬರೆದಿಡದಿದ್ದರೆ ನನ್ನದು ಹಾಳು ಮನಸ್ಸು, ಮರೆತು ಕ್ಷಮಿಸಿಬಿಟ್ಟೀತು.

ಅಮ್ಮ ಹೋಗಿ ಮೂರು ತಿಂಗಳಾಯಿತು. ರಸ್ತೆಗೆ ಬಾಗಿಲಿರುವ ಮುಂದಿನ ಕೋಣೆಯೇ ಅವಳ ಪಾರ್ಲರ್. ಗೋಡೆಗೆ ಒಂದು ಕನ್ನಡಿ, ಅದರೆದುರು ಒಂದೇ ಒಂದು ಕುರ್ಚಿ. ನೆಲಕ್ಕೆ ಬೋಲ್ಟು ಹಾಕಿದ ಕಬ್ಬಿಣದ ಕಾಲು, ಟೇಪು ಅಂಟಿಸಿದ ಕೆಂಪು ಸೀಟು. ಪೆಡಲ್ ತುಳಿದರೆ ಉಸ್ ಎನ್ನುತ್ತಾ ಮೇಲೇರುತ್ತಿತ್ತು. ಬೀದಿಯ ಹೆಂಗಸರೆಲ್ಲ ಅದರಲ್ಲಿ ಕೂತು ಕೂದಲು ಕತ್ತರಿಸಿಕೊಂಡು, ಗಂಡಂದಿರನ್ನು ಮನಸಾರೆ ಬೈದು ಹಗುರಾಗಿ ಎದ್ದುಹೋದವರು. ನಾವು ಚಿಕ್ಕವರಿದ್ದಾಗ ಸೀಟಿನ ಮೇಲೆ ಹಲಗೆ ಇಟ್ಟು ನಮ್ಮನ್ನೂ ಕೂರಿಸುತ್ತಿದ್ದಳು.

ಹೋದ ತಿಂಗಳು ಆ ಕೋಣೆಗೆ ಬಣ್ಣ ಬಳಿಯುವವರು ಬರುವವರಿದ್ದರು. ಆಫೀಸಿನಿಂದ ಇವನಿಗೆ ಫೋನ್ ಮಾಡಿ ನಾನು ಹೇಳಿದ್ದು ಒಂದೇ ಮಾತು: "ಆ ಕುರ್ಚಿ ತೆಗ್ದಿಡು." ಸಂಜೆ ಹಿಂಬಾಗಿಲಿಂದ ಒಳಗೆ ಬಂದು, ಬಣ್ಣ ಹೇಗಿದೆ ನೋಡೋಣ ಎಂದು ಇಣುಕಿದರೆ ನೆಲದಲ್ಲಿ ಬೋಲ್ಟಿನ ತೂತುಗಳು ಮಾತ್ರ ಇದ್ದವು.

"ಕುರ್ಚಿ ಎಲ್ಲೋ?"

"ಗುಜರಿಯವನಿಗೆ ಕೊಟ್ಟೆ. ನೀನೇ ಹೇಳಿದ್ಯಲ್ಲ, ತೆಗ್ದ್‌ಬಿಡು ಅಂತ."

"ತೆಗ್ದಿಡು ಅಂದೆ ಕಣೋ! ತೆಗ್ದಿಡು! ಒಳಗಡೆ ಜೋಪಾನವಾಗಿಡು ಅಂತ!"

"ನಂಗೆ ತೆಗ್ದ್‌ಬಿಡು ಅಂತ ಕೇಳಿಸ್ತು."

ನಾನು ಗುಜರಿ ಅಂಗಡಿಗೆ ಓಡುವಷ್ಟರಲ್ಲಿ ಸೀಟು ಕಿತ್ತು, ಕಬ್ಬಿಣ ತುಂಡರಿಸಿ, ಲಾರಿಗೆ ಹಾಕಿ ಕಳಿಸಿಯಾಗಿತ್ತು. ನಾನು ಹೇಳದ ಒಂದು 'ಬ' ಇವನ ಕಿವಿಗೆ ಬಿತ್ತಂತೆ, ಅದಕ್ಕೆ ಅಮ್ಮನ ಕುರ್ಚಿ ಹೋಯಿತು. ನಿನ್ನ ಮುಖ ನೋಡಲ್ಲ ಎಂದೆ. ಫೆಬ್ರವರಿ ಮುಗಿಯುವುದರೊಳಗೆ ಬೇರೆ ರೂಮು ನೋಡಿಕೊಂಡು ಹೋಗ್ತೀನಿ ಎಂದ. ಹೋಗು ಎಂದೆ. ಅಮ್ಮ ಹೋದ ಮೇಲೆ ನನಗೆ ಅವನು, ಅವನಿಗೆ ನಾನು, ಉಳಿದಿರುವುದು ಅಷ್ಟೇ. ಗೊತ್ತಿದ್ದೂ ಹೋಗು ಎಂದೆ, ಮತ್ತೆ ಕೇಳಿದರೂ ಅದನ್ನೇ ಹೇಳುತ್ತೇನೆ.

ಫೆಬ್ರವರಿ ೬, ಗುರುವಾರ

ಇವತ್ತೂ ಮಾತಿಲ್ಲ. ಮನೆ ಎಷ್ಟು ನೆಮ್ಮದಿಯಾಗಿದೆ.

ಫೆಬ್ರವರಿ ೧೦, ಸೋಮವಾರ

'ತೆಗೆ' ಎಂಬ ಆಜ್ಞೆಯ ಪುಟ ಬರೆಯಲು ಕೂತೆ, ತಲೆ ಕೆಟ್ಟು ಎದ್ದೆ. ಅದಕ್ಕೊಂದು ಸಂಖ್ಯೆ ಕೊಟ್ಟರೆ, ಪಟ್ಟಿಯಲ್ಲಿ ಆ ಸ್ಥಾನದಲ್ಲಿ ಇರುವುದನ್ನು ಹೊರತೆಗೆದು ನಮ್ಮ ಕೈಗೆ ಕೊಡುತ್ತದೆ. ಹೆಸರು ಕೊಟ್ಟರೆ ಆ ಹೆಸರಿನದನ್ನು ಹುಡುಕಿ ಅಳಿಸಿಹಾಕುತ್ತದೆ, ವಾಪಸ್ ಏನೂ ಕೊಡುವುದಿಲ್ಲ. ಸರಿ, ಪಟ್ಟಿಯೊಳಗೆ ಇರುವುದೇ ಸಂಖ್ಯೆಗಳಾದರೆ? 'ತೆಗೆ ೩' ಎಂದರೆ ಮೂರು ಎಂಬ ಸಂಖ್ಯೆಯನ್ನೋ, ಮೂರು ಎಂಬ ಸ್ಥಾನದಲ್ಲಿ ಇರುವುದನ್ನೋ?

"ಸ್ಥಾನಾನೇ ಮೇಡಂ. ಅಷ್ಟೂ ಗೊತ್ತಾಗಲ್ವಾ?" ಎಂದರು ಸಾಹೇಬರು.

"ಯಾರಿಗೆ ಗೊತ್ತಾಗ್ಬೇಕು ಸಾರ್, ನಾಲ್ಕನೇ ಕ್ಲಾಸಿನ ಮಗೂಗಾ? ಎರಡು ಆಜ್ಞೆ ಮಾಡಿ. ಕೈಗೆ ಕೊಡೋದಕ್ಕೆ 'ತೆಗೆದುಕೊ'. ಬಿಸಾಕೋದಕ್ಕೆ 'ತೆಗೆದುಹಾಕು'. ಮಾತಾಡೋವಾಗ ನಾವು ಹಾಗೇ ತಾನೇ ಹೇಳೋದು?"

"ಒಂದು ಮಾತಲ್ಲಿ ಮುಗಿಯೋದಕ್ಕೆ ಎರಡು ಯಾಕೆ? ಇರೋದನ್ನ ಬರೆಯೋದು ನಿಮ್ಮ ಕೆಲ್ಸ. ಬರೀರಿ."

ಬರೆದೆ. ಪುಟದ ನೆತ್ತಿಯ ಮೇಲೆ, ಚೌಕ ಹಾಕಿ, ದಪ್ಪ ಅಕ್ಷರದಲ್ಲಿ ಎಚ್ಚರಿಕೆ ಬರೆದೆ: ಪಟ್ಟಿಯಲ್ಲಿ ಸಂಖ್ಯೆಗಳಿದ್ದರೆ ಈ ಆಜ್ಞೆಯನ್ನು ನೋಡಿಕೊಂಡು ಬಳಸಿ, ಬೇರೆಯದೇ ಹೊರಟುಹೋದೀತು. ಸಂಜೆ ಅವರು ತಿದ್ದಿ ಕಳಿಸಿದಾಗ ಚೌಕ ಪೂರ್ತಿ ಕಾಟು. ಪಕ್ಕದಲ್ಲಿ, 'ಮಕ್ಕಳು ಹೆದರುತ್ತಾರೆ, ಬೇಡ'. ಹೆದರಬೇಕಾದವರು ಯಾರು ಎಂದು ಮುಂದೆ ಗೊತ್ತಾಗುತ್ತದೆ.

ಫೆಬ್ರವರಿ ೧೨, ಬುಧವಾರ

ಹಿಂಬಾಗಿಲ ಚಿಲಕ ರಿಪೇರಿಯಾಗಿದೆ. ಎಣ್ಣೆ ಹಾಕಿ, ಹೊಸ ಸ್ಕ್ರೂ ಹಾಕಿ, ಒಂದು ಬೆರಳಲ್ಲಿ ನೂಕಿದರೆ ತೆರೆಯುವಂತೆ ಮಾಡಿದ್ದಾನೆ. ಯಾರು ಕೇಳಿದ್ದರು? ಕುರ್ಚಿ ಎಸೆದು ಚಿಲಕ ಸರಿಮಾಡಿದರೆ ಲೆಕ್ಕ ಚುಕ್ತಾ ಆಯಿತು ಅಂದುಕೊಂಡಿದ್ದಾನೇನೋ.

ಅವನ ತಲೆ ನೋಡಲಾಗುತ್ತಿಲ್ಲ. ಕೂದಲು ಕಾಲರಿನ ಮೇಲೆ ಕೂತಿದೆ, ಕಿವಿ ಕಾಣುವುದಿಲ್ಲ. ಅದಕ್ಕೇ ಕೇಳಿಸುವುದೂ ಇಲ್ಲವೇನೋ. ಬೀದಿಯ ಎರಡೂ ತುದಿಗೆ ಸಲೂನುಗಳಿವೆ. ಹೋಗಿ ಕೂತರೆ ಅವರೇನು ತಲೆ ಕತ್ತರಿಸುತ್ತಾರೆಯೇ? ಅಮ್ಮ ಇದ್ದಿದ್ದರೆ ಕಿವಿ ಹಿಡಿದು ಎಳೆದುಕೊಂಡು ಹೋಗಿ ಕೂರಿಸುತ್ತಿದ್ದಳು.

ಹೋಗಲಿ, ನನಗೇನಾಗಬೇಕು? ತಿಂಗಳ ಕೊನೆಗೆ ಹೋಗುವವನು ಯಾವ ವೇಷದಲ್ಲಾದರೂ ಹೋಗಲಿ.

ಫೆಬ್ರವರಿ ೧೭, ಸೋಮವಾರ

ಆಯಿತು! ನಾನು ಹೇಳಿದ್ದೇ ಆಯಿತು!

ಇವತ್ತು ಒಂದು ಶಾಲೆಯಲ್ಲಿ ನಮ್ಮ ಭಾಷೆಯ ಮೊದಲ ಪರೀಕ್ಷೆ. ನಮ್ಮ ಕಡೆಯಿಂದ ಹೋದವಳು ಇರುವೆ. ತಪ್ಪು ಹುಡುಕುವುದೇ ಅವಳ ಕೆಲಸ, ಎಲ್ಲಿ ಒಂದು ಕಾಳು ಬಿದ್ದಿದ್ದರೂ ಹೋಗಿ ಮುಟ್ಟುತ್ತಾಳೆ, ಅದಕ್ಕೇ ಆ ಹೆಸರು. ಟೀಚರು ಮಕ್ಕಳ ಅಂಕಗಳ ಪಟ್ಟಿ ಮಾಡಿಸಿದರಂತೆ. ಒಂದು ಕಡೆ ಅಪ್ಪಿತಪ್ಪಿ ಹೆಚ್ಚಿಗೆ ಒಂದು ಮೂರು ಬಿದ್ದಿತ್ತು. ಅದನ್ನು ಅಳಿಸಲು 'ತೆಗೆ ೩' ಎಂದರು. ಕಂಪ್ಯೂಟರು ಸೊನ್ನೆಯಿಂದ ಎಣಿಸಿಕೊಂಡು ಹೋಗಿ, ಮೂರು ಎಂಬ ಸ್ಥಾನದಲ್ಲಿದ್ದ, ಅಂದರೆ ನಾಲ್ಕನೆಯ ಹುಡುಗಿಯ ಅಂಕವನ್ನು ಕಿತ್ತುಕೊಂಡಿತು. ಪಾಪದ ಹುಡುಗಿ ಕ್ಲಾಸಿಗೇ ಹೆಚ್ಚು ಅಂಕ ತೆಗೆದಿದ್ದಳಂತೆ. ಪರದೆಯ ಮೇಲೆ ಅವಳದು ಮಾಯವಾದದ್ದು ನೋಡಿ ಗೊಳೋ ಎಂದು ಅತ್ತಳಂತೆ. ಟೀಚರು ಮುಖ ಕೆಂಪಗೆ ಮಾಡಿಕೊಂಡು, ಈ ಕೈಪಿಡಿ ಬರೆದ ಪುಣ್ಯಾತ್ಮರು ಯಾರು ಎಂದು ಕೇಳಿದರಂತೆ.

ಸೊನ್ನೆ ಸಾಹೇಬರು ಎಲ್ಲರಿಗೂ ಮೇಲ್ ಹಾಕಿದ್ದಾರೆ: 'ಕೈಪಿಡಿಯಲ್ಲಿ ಸ್ಪಷ್ಟತೆ ಸಾಲದು. ಬರೆದವರು ಗಮನಿಸಬೇಕು.' ನನ್ನ ಎಚ್ಚರಿಕೆಗೆ ಕಾಟು ಹೊಡೆದ ಕೈಯಿಂದಲೇ ಈ ಮಾತು! ಓದಿದಾಗಿನಿಂದ ಒಬ್ಬಳೇ ಗೊಣಗುತ್ತಿದ್ದೇನೆ. ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು, "ಹುಷಾರಿಲ್ವೇನಮ್ಮಾ?" ಎಂದು ಕೇಳಿದಳು. ಹುಷಾರಾಗಿಯೇ ಇದ್ದೇನೆ, ಯಾರನ್ನಾದರೂ ಹೊಡೆಯಬೇಕು ಅನಿಸುತ್ತಿದೆ ಅಷ್ಟೇ ಎಂದೆ. ಆಕೆ ಮುಂದಿನ ಸ್ಟಾಪಿನಲ್ಲೇ ಇಳಿದುಹೋದಳು.

ಮನೆಗೆ ಬಂದರೆ ಅನ್ನ ಮಾಡಿ ಮುಚ್ಚಿಟ್ಟಿದ್ದ. ತಿಂದೆ. ಹಸಿವಾಗಿತ್ತು, ಅದಕ್ಕೆ.

ಫೆಬ್ರವರಿ ೧೮, ಮಂಗಳವಾರ

ಬೆಳಗ್ಗೆ ಕಂಪನಿಯ ಯಜಮಾನಿ ಸಭೆ ಕರೆದಿದ್ದರು. ಹೋಗುವಾಗ ಕ್ಯಾಂಟೀನಿನಿಂದ ಮುಚ್ಚಳವಿರುವ ಮೂರು ಖಾಲಿ ಬಿಸ್ಕತ್ತು ಡಬ್ಬಿ ಇಸಕೊಂಡು ಹೋದೆ. ಸಾಹೇಬರು ಬಾಯಿ ತೆರೆಯುವ ಮೊದಲೇ ಯಜಮಾನಿ, ಸಾಹೇಬರು, ಇರುವೆ, ಮೂವರ ಮುಂದೂ ಒಂದೊಂದು ಇಟ್ಟೆ.

"ಡಬ್ಬಿ ತೆಗೀರಿ," ಎಂದೆ.

ಯಜಮಾನಿ ಮುಚ್ಚಳ ಬಿಚ್ಚಿ ಒಳಗೆ ನೋಡಿದರು. ಇರುವೆ ಡಬ್ಬಿಯನ್ನು ಮೇಜಿನಿಂದ ಎತ್ತಿ ಕೆಳಗಿಟ್ಟಳು. ಸಾಹೇಬರು ಅನುಮಾನದಿಂದ ನನ್ನನ್ನು ನೋಡುತ್ತಾ ಡಬ್ಬಿ ಎತ್ತಿ, "ತಗೊಳ್ಳಿ," ಎಂದು ನನ್ನ ಕೈಗೇ ಕೊಟ್ಟರು.

"ನೋಡಿದ್ರಾ? ಮೂರು ಜನ, ಒಂದೇ ಮಾತು, ಮೂರು ಕೆಲ್ಸ. ನೀವೆಲ್ಲ ಓದಿದೋರು. ಇದೇ ಮಾತು ಮಕ್ಕಳ ಬಾಯಿಗೆ ಕೊಟ್ಟು, ಅವ್ರು ತಪ್ಪು ಮಾಡಿದ್ರೆ ಬರೆದೋಳ ತಪ್ಪು ಅಂತೀರಾ? ಎಚ್ಚರಿಕೆ ಬರೆದಿದ್ದೆ ಸಾರ್. ಕಾಟು ಹೊಡೆದಿದ್ದು ಯಾರು ಅಂತ ನೀವೇ ಹೇಳಿ!"

ಧ್ವನಿ ಹೆಚ್ಚೇ ಏರಿತ್ತು. ಗಾಜಿನ ಆಚೆ ಎಲ್ಲರೂ ತಿರುಗಿ ನೋಡುತ್ತಿದ್ದರು. ಯಜಮಾನಿ ನಗು ತಡೆಯಲಾಗದೆ ಕೆಮ್ಮಿದರು. "ಎರಡು ಆಜ್ಞೆ ಮಾಡಿ," ಎಂದಷ್ಟೇ ಸಾಹೇಬರಿಗೆ ಹೇಳಿ ಎದ್ದರು.

ಗೆದ್ದೆ. ಆದರೂ ಆ ಮನುಷ್ಯ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ ಏನೆಂದರು ಗೊತ್ತೇ? "ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ ಮೇಡಂ?" ಡಬ್ಬಿ ಕೈಯಲ್ಲೇ ಇತ್ತು. ನಾನು ಒಳ್ಳೆಯವಳು, ಎಸೆಯಲಿಲ್ಲ.

ಫೆಬ್ರವರಿ ೧೯, ಬುಧವಾರ

ಹೊಸ ಪುಟಗಳು. ತೆಗೆದುಕೊ: ಪಟ್ಟಿಯಿಂದ ಹೊರಬರುತ್ತದೆ, ನಿಮ್ಮ ಕೈಗೆ ಸಿಗುತ್ತದೆ. ತೆಗೆದುಹಾಕು: ಪಟ್ಟಿಯಿಂದ ಹೋಗುತ್ತದೆ. ವಾಪಸ್ ಏನನ್ನೂ ಕೊಡುವುದಿಲ್ಲ.

ಉದಾಹರಣೆಗೆ ಒಂದು ಪಟ್ಟಿ ಬೇಕಿತ್ತು, ಕೈಗೆ ಬಂದದ್ದು ಬರೆದೆ. ಇರುವೆ ಓದಿ, "ಇದೇನ್ ಮೇಡಂ, ಕತ್ತರಿ, ಬಾಚಣಿಗೆ, ಕನ್ನಡಿ, ಕುರ್ಚಿ? ಮಕ್ಕಳಿಗೆ ಪಾರ್ಲರ್ ಇಟ್ಟುಕೊಡ್ತೀರಾ?" ಎಂದು ನಕ್ಕಳು. ಪೆನ್ಸಿಲ್, ರಬ್ಬರ್, ಸ್ಕೇಲ್ ಎಂದು ಬದಲಾಯಿಸಿದೆ. 'ವಾಪಸ್ ಏನನ್ನೂ ಕೊಡುವುದಿಲ್ಲ' ಎಂಬ ಸಾಲನ್ನು ಎಷ್ಟು ಸಲ ಓದಿದರೂ ಅಕ್ಷರ ಮಸುಕಾಗುತ್ತಿತ್ತು. ಕನ್ನಡಕದ ನಂಬರ್ ಬದಲಾಗಿರಬೇಕು.

ಬಸ್ಸಿನಲ್ಲಿ ಒಂದು ಯೋಚನೆ ಬಂತು. ಮೂರು ಜನ ಎದುರೆದುರು ಕೂತು, ಕಿವಿಯಾರೆ ಕೇಳಿ, ಮೂರು ಥರ ಅರ್ಥ ಮಾಡಿಕೊಂಡರು. ಇನ್ನು ಫೋನಿನಲ್ಲಿ, ಬಣ್ಣದವರ ಗಲಾಟೆಯಲ್ಲಿ, ತೆಗ್ದಿಡು ತೆಗ್ದ್‌ಬಿಡು ಆಗಿದ್ದರಲ್ಲಿ ಏನು ಆಶ್ಚರ್ಯ? ತಪ್ಪು ಮಾತಿನದು. ಶನಿವಾರ ಅವನಿಗೂ ರಜೆ. ಹೇಳಿಬಿಡುತ್ತೇನೆ. ಅವನು ಹೋಗುವುದು ಬಿಡುವುದು ಅವನಿಷ್ಟ, ತಪ್ಪು ಹೊರಿಸಿ ಕಳಿಸಿದೆ ಎಂದಾಗಬಾರದು.

ಫೆಬ್ರವರಿ ೨೨, ಶನಿವಾರ

ಇಷ್ಟು ಕೋಪ ಈ ಜನ್ಮದಲ್ಲಿ ಬಂದಿರಲಿಲ್ಲ. ಒಂದೊಂದೇ ಬರೆಯುತ್ತೇನೆ.

ಬೆಳಗ್ಗೆ ಅಡುಗೆಮನೆಯಲ್ಲಿ ಇಬ್ಬರಿಗೂ ಚಹಾ ಮಾಡಿದೆ. ಲೋಟ ಅವನ ಮುಂದಿಟ್ಟು ಹೇಳಿದೆ: "ಇಲ್ಕೇಳು. ತಪ್ಪು ನಿಂದಲ್ಲ. ಆ ಮಾತೇ ಸರಿಯಿಲ್ಲ. ಆಫೀಸಲ್ಲಿ ಡಬ್ಬಿ ಇಟ್ಟು ತೋರಿಸಿದ್ದೀನಿ. ಫೋನಲ್ಲಿ ಇಡು, ಬಿಡು ಎರಡೂ ಒಂದೇ ಥರ ಕೇಳಿಸುತ್ತೆ. ಆಗಿದ್ದಾಯ್ತು."

ಅವನು ಲೋಟ ಮುಟ್ಟಲಿಲ್ಲ. "ಅಕ್ಕ," ಎಂದ. "ನಂಗೆ ಸರಿಯಾಗೇ ಕೇಳಿಸಿತ್ತು."

"ಏನು?"

"ತೆಗ್ದಿಡು ಅಂತಾನೇ ಕೇಳಿಸಿತ್ತು."

ನನ್ನ ಲೋಟ ಸಿಂಕಿಗೆ ಬಿತ್ತು. ಬಿತ್ತು ಎಂದೇಕೆ ಬರೆಯಲಿ, ಎಸೆದೆ. ಸುಳ್ಳುಗಾರ, ಕಟುಕ, ಇನ್ನೂ ಏನೇನೋ ಅಂದೆ. ಎಲ್ಲ ಮುಗಿದ ಮೇಲೆ ಅವನು ಶುರುಮಾಡಿದ.

"ಅವತ್ತು ಅಮ್ಮ ಕಾಲು ನೋಯ್ತಿದೆ, ಒಂಚೂರು ಕೂರ್ತೀನಿ ಅಂತ ಅದ್ರಲ್ಲಿ ಕೂತ್ಲು. ನಾನು ನೀರು ತರೋಕೆ ಒಳಗೆ ಹೋದೆ. ವಾಪಸ್ ಬಂದಾಗ ನಂಗೆ ಮೊದ್ಲು ಕಂಡಿದ್ದು ಕನ್ನಡಿ. ಕನ್ನಡೀಲಿ ಅವಳ ತಲೆ ವಾಲಿತ್ತು. ಆಮೇಲೆ ದಿನಾ ಕೆಲ್ಸಕ್ಕೆ ಹೋಗೋವಾಗ ಅದೇ ಕುರ್ಚಿ, ಬರೋವಾಗ ಅದೇ ಕನ್ನಡಿ. ನಂಗಾಗ್ಲಿಲ್ಲ ಅಕ್ಕ."

"ಹಾಗಂತ ಹೇಳ್ಬಾರ್ದಿತ್ತಾ? ಸುಳ್ಳು ಯಾಕೆ ಹೇಳ್ದೆ?"

"ಹೇಳಿದ್ರೆ ಕೊಡೋಕೆ ಬಿಡ್ತಿದ್ಯಾ?"

"ಇಲ್ಲ! ಅದು ನಂದೂ ಕುರ್ಚಿ!"

"ನಿಂದಾ?" ಈಗ ಅವನ ಧ್ವನಿಯೂ ಏರಿತು. "ಅಮ್ಮ ಹೋದಾಗಿಂದ ಒಂದಿನ, ಒಂದೇ ಒಂದಿನ ಮುಂದಿನ ಬಾಗಿಲಿಂದ ಬಂದಿದ್ಯಾ ನೀನು? ಚರಂಡಿ ತುಳ್ಕೊಂಡು, ಮುರಿದ ಚಿಲಕ ನೂಕ್ಕೊಂಡು ಹಿಂದಿನಿಂದ ಓಡಾಡ್ತೀಯ. ನಿಂಗೂ ನೋಡೋಕಾಗಲ್ಲ. ದಿನಾ ನೋಡೋ ಶಿಕ್ಷೆ ನಂಗೊಬ್ನಿಗೇ ಯಾಕೆ?"

ಹಿಂಬಾಗಿಲು ಬಸ್‌ಸ್ಟಾಪಿಗೆ ಹತ್ತಿರ ಎಂದೆ. ಹತ್ತಿರವೇನಲ್ಲ. ಓಣಿ ಸುತ್ತಿ ಬರಬೇಕು.

ಅವನು ಎದ್ದು ಕೋಣೆಗೆ ಹೋದ. ಬೀರು ಖಾಲಿ ಮಾಡುವ ಸದ್ದು ಕೇಳಿಸಿತು. ಚಿಲಕ ಯಾಕೆ ರಿಪೇರಿ ಮಾಡಿದ ಎಂಬುದು ಆಗ ಅರ್ಥವಾಯಿತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಇಂಥವನ ಮೇಲೆ ನೆಟ್ಟಗೆ ಕೋಪ ಮಾಡಿಕೊಳ್ಳಲೂ ಆಗುವುದಿಲ್ಲ.

ಫೆಬ್ರವರಿ ೨೪, ಸೋಮವಾರ

ಮುಂಬಾಗಿಲಿಂದ ಆಫೀಸಿಗೆ ಹೋದೆ. ಚರಂಡಿಯ ನಾತ ತಡೆಯಲಾಗದೆ, ಇನ್ನೇನಿಲ್ಲ. ಕನ್ನಡಿಯ ಮುಂದೆ ಬೋಲ್ಟಿನ ತೂತುಗಳ ಮೇಲೆ ಕಾಲಿಡದೆ ದಾಟಿದೆ.

ಅಧ್ಯಾಯ ಒಪ್ಪಿಸಿದೆ. ಸೊನ್ನೆಯನೆಯದು ಹಾಗೇ ಉಳಿದಿದೆ. ಸಾಹೇಬರು ಆ ವಿಷಯದಲ್ಲಿ ಜಗ್ಗಲಿಲ್ಲ. ಅವರ ಮುಖಕ್ಕಿಷ್ಟು.

ಫೆಬ್ರವರಿ ೨೮, ಶುಕ್ರವಾರ

ಇವತ್ತು ಕೊನೆಯ ದಿನ ಎಂದು ಅರ್ಧ ರಜೆ ಹಾಕಿ ಬಂದೆ. ಅವನನ್ನು ಕಳಿಸಿಕೊಡಲು ಅಲ್ಲ. ಕೀಲಿಕೈ ಇಸಕೊಳ್ಳಬೇಕಿತ್ತು.

ಮುಂಬಾಗಿಲಿಗೇ ಅಡ್ಡವಾಗಿ ಅವನ ದೊಡ್ಡ ಬ್ಯಾಗು. ಅವನು ಕನ್ನಡಿಯ ಮುಂದೆ ನಿಂತು ತಲೆಗೆ ನೀರು ಹಚ್ಚಿ ಕೂದಲು ಒತ್ತಿಕೊಳ್ಳುತ್ತಿದ್ದ. ಅದು ಒತ್ತಿದಷ್ಟೂ ಏಳುತ್ತಿತ್ತು.

"ಹೊಸ ಮನೆಯವರು ಕಳ್ಳ ಅಂತ ಹಿಡ್ಕೊಡ್ತಾರೆ. ಸಲೂನಿಗೆ ಹೋಗೋಕೆ ಏನು ದಾಡಿ ನಿಂಗೆ?"

"ಹೋಗಿದ್ದೆ. ಆ ತುದೀದಕ್ಕೂ ಹೋದೆ, ಈ ತುದೀದಕ್ಕೂ ಹೋದೆ."

"ಮತ್ತೆ?"

"ಬಟ್ಟೆ ಹೊದಿಸಿದ್ರು. ಎದ್ದು ಬಂದೆ."

ಹುಟ್ಟಿದಾಗಿನಿಂದ ಆ ತಲೆಗೆ ಅಮ್ಮನದಲ್ಲದೆ ಇನ್ನೊಬ್ಬರ ಕತ್ತರಿ ತಾಗಿಲ್ಲ. ತಿಂಗಳಿಡೀ ಅದೇ ತಲೆಯನ್ನು ಬೈಯುತ್ತಾ ಕೂತ ನನಗೆ ಅದು ಹೊಳೆದೇ ಇರಲಿಲ್ಲ. ನನ್ನ ಮೇಲೇ ಎಂಥ ಸಿಟ್ಟು ಬಂತೆಂದರೆ, ಅವನಿಗೆ ಬೈದೆ. "ಸ್ಟೂಲ್ ತಗೊಂಡು ಬಾ ಮೊದ್ಲು!" ಎಂದು ಕೂಗಿ ನನ್ನ ಕೋಣೆಗೆ ಹೋದೆ.

ಬೀರುವಿನ ಕೆಳಗಿನ ಖಾನೆಯಲ್ಲಿ, ಟವೆಲಿನಲ್ಲಿ ಸುತ್ತಿದ ಅಮ್ಮನ ಕತ್ತರಿ ಇದೆ. ಅವಳು ಹೋದ ಮರುದಿನವೇ ತೆಗೆದಿಟ್ಟಿದ್ದೆ. ನಾನೂ ಅವನಿಗೆ ಹೇಳಿರಲಿಲ್ಲ.

ತಮ್ಮ ಸ್ಟೂಲನ್ನು ಬೋಲ್ಟಿನ ತೂತುಗಳ ಮೇಲೇ ಹಾಕಿಕೊಂಡು ಕೂತಿದ್ದ. ಕತ್ತರಿ ನೋಡಿದವನೇ ಬೆನ್ನು ನೆಟ್ಟಗೆ ಮಾಡಿಕೊಂಡ. ಅದೇ ಟವೆಲನ್ನು ಅವನ ಕುತ್ತಿಗೆಗೆ ಸುತ್ತಿದೆ.

"ಬರುತ್ತಾ ನಿಂಗೆ?"

"ಬಾಯಿ ಮುಚ್ಕೊಂಡು ಕೂರು."

ಬಲಗಡೆಯಿಂದ ಶುರುಮಾಡಿದೆ. ಬರುವುದಿಲ್ಲ ಎಂಬುದು ಮೊದಲ ಕಚಕ್ಕಿಗೇ ಇಬ್ಬರಿಗೂ ಗೊತ್ತಾಯಿತು. ಒಂದು ಕಡೆ ಮೇಲಾಯಿತು, ಅದಕ್ಕೆ ಸಮ ಮಾಡಲು ಹೋಗಿ ಇನ್ನೊಂದು ಕಡೆ ಅದಕ್ಕಿಂತ ಮೇಲಾಯಿತು. ಅವನು ಕಣ್ಣು ಮುಚ್ಚಿಕೊಂಡಿದ್ದ. ಕೆನ್ನೆ ಒದ್ದೆಯಾಗಿತ್ತು. ನನಗೂ ಅಳು ಬರುತ್ತಿತ್ತು, ಕತ್ತರಿ ಕೈಯಲ್ಲಿದೆ ಎಂದು ತಡೆದುಕೊಂಡೆ.

"ಬ್ಯಾಗು ಬಾಗಿಲಿಗೆ ಅಡ್ಡ ಇದೆ," ಎಂದೆ. "ತೆಗ್ದಿಡು."

ಅವನು ಕಣ್ಣು ತೆರೆದು ಕನ್ನಡಿಯಲ್ಲಿ ನನ್ನನ್ನು ನೋಡಿದ. "ಏನಂದೆ? ಇಡು ಅಂದ್ಯಾ, ಬಿಡು ಅಂದ್ಯಾ?"

"ಇಡು ಅಂದೆ. ಒಳಗಿಡು. ನಿನ್ನ ಕೋಣೇಲಿಡು. ಈಗ್ಲಾದ್ರೂ ಕೇಳಿಸ್ತಾ?"

"ಅವಾಗ್ಲೂ ಕೇಳಿಸಿತ್ತು."

ಮೈಮೇಲಿನ ಕೂದಲನ್ನು ನೆಲಕ್ಕೆಲ್ಲ ಉದುರಿಸಿಕೊಂಡು ಎದ್ದುಹೋದ. ಬ್ಯಾಗು ಅವನ ಕೋಣೆಯಲ್ಲಿ ಧಪ್ಪೆಂದ ಸದ್ದು ಕೇಳಿಸಿತು. ಬಂದು ಮತ್ತೆ ಸ್ಟೂಲಿನ ಮೇಲೆ ಕೂತು, ಎಡಗಡೆಯನ್ನು ನನ್ನತ್ತ ತಿರುಗಿಸಿದ.

ನಗಬೇಡ ಎಂದು ಹೇಳಿದ್ದೆ, ನಕ್ಕ. ಎಡಗಿವಿಯ ಮೇಲೆ ಒಂದು ಕಡೆ ಪೂರ್ತಿ ಬೋಳಾಗಿದೆ. ತಪ್ಪು ತಲೆ ಅಲ್ಲಾಡಿಸಿದವನದೇ. ಮರೆಯದಿರಲಿ ಎಂದು ಬರೆದಿಟ್ಟಿದ್ದೇನೆ.